ಐರನ್ ಮಾತ್ರೆಗೆ ಹೊತ್ತು ಯಾವುದು? ಕಾಫಿ, ಕವಳ, ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ನಡುವೆ ಜಾಗವೇ ಸಿಗುತ್ತಿಲ್ಲ

ಮಾಲತಿಹೊಳೆ (ಪ್ರಶ್ನೆ)

ತೀರ್ಥಹಳ್ಳಿ ಕಡೆಯ ತೋಟದ ಮನೆ. ಮನೆಯಲ್ಲಿ ಇಬ್ಬರಿಗೆ ಐರನ್ ಮಾತ್ರೆ ನಡೀತಾ ಇದೆ.

ಅಮ್ಮ, 47 ವರ್ಷ, 50 ಕೆ.ಜಿ. ತಿಂಗಳ ಮುಟ್ಟು ಎಂಟು ದಿನ, ಜಾಸ್ತಿ ಹೋಗುತ್ತೆ. ಎಚ್‌ಬಿ (ಹಿಮೋಗ್ಲೋಬಿನ್) 8.4, ಎಂಸಿವಿ (ಕೆಂಪು ರಕ್ತಕಣದ ಗಾತ್ರ) 68. ಡಾಕ್ಟ್ರು ಫೆರಸ್ ಆಸ್ಕಾರ್ಬೇಟ್ (100 ಮಿ.ಗ್ರಾಂ. ಕಬ್ಬಿಣ, 1.5 ಮಿ.ಗ್ರಾಂ. ಫೋಲಿಕ್ ಆಸಿಡ್) ದಿನಕ್ಕೊಂದು ಬರೆದಿದ್ದಾರೆ. ಒಂದು ತಿಂಗಳಾಯ್ತು, ಈಗ 8.7. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಆಮೇಲೆ ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್, ತಿಂಡಿ ಆದ ಮೇಲೆ ಐರನ್ ಮಾತ್ರೆ, ಅದರ ಬೆನ್ನಿಗೇ ಕಾಫಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಊಟ ಆದ ಮೇಲೆ ಕವಳ (ಎಲೆಯಡಿಕೆ).

ಅತ್ತಿಗೆಗೆ ಐದು ತಿಂಗಳು. ಎಚ್‌ಬಿ 9.2. ಆಸ್ಪತ್ರೆಯಲ್ಲಿ ಕೊಟ್ಟ ಕೆಂಪು ಮಾತ್ರೆ ದಿನಕ್ಕೆ ಎರಡು, ಕ್ಯಾಲ್ಸಿಯಂ ಎರಡು. ಕೆಂಪು ಮಾತ್ರೆ ತಗೊಂಡ್ರೆ ವಾಕರಿಕೆ, ಹೊಟ್ಟೆ ಕಟ್ಟಿಕೊಳ್ಳುತ್ತೆ, ಮಲ ಕಪ್ಪಗೆ ಹೋಗುತ್ತೆ ಅಂತ ಎರಡು ದಿನಕ್ಕೊಮ್ಮೆ ಬಿಟ್ಟುಬಿಡ್ತಾರೆ.

ಯಾವುದನ್ನ ಯಾವಾಗ ಕೊಡಬೇಕು? ಅಮ್ಮನಿಗೆ ಯಾಕೆ ಏರುತ್ತಿಲ್ಲ? ಬೀಟ್‌ರೂಟು, ದಾಳಿಂಬೆ, ಜೋನಿಬೆಲ್ಲ ಎಲ್ಲಾ ನಡೀತಿದೆ. ಮನೆಯಲ್ಲಿ ಎರಡು ವರ್ಷದ ಮಗುವೂ ಇದೆ, ಕೆಂಪು ಮಾತ್ರೆ ನೋಡಿದ್ರೆ ಕೈ ಚಾಚುತ್ತೆ.


ಮಾತ್ರೆಚೀಟಿ (ಔಷಧಿ ಅಂಗಡಿ, ಶಿವಮೊಗ್ಗ)

ಅಮ್ಮನ ಮಾತ್ರೆಯಲ್ಲಿ ತಪ್ಪಿಲ್ಲ, ಹೊತ್ತಿನಲ್ಲಿದೆ. ತಿಂಡಿಯ ಮೇಲೆ ಐರನ್, ಐರನ್ ಮೇಲೆ ಕಾಫಿ ಅಂದರೆ ಅರ್ಧಕ್ಕರ್ಧ ಮಲದಲ್ಲೇ ಹೋಯಿತು.

ಕಾರಣ ತೋಟದ ಮನೆಯವರಿಗೆ ಸುಲಭವಾಗಿ ಗೊತ್ತಾಗುತ್ತೆ. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಅಲಗು ಕಪ್ಪಾಗುತ್ತಲ್ಲ, ಅದು ಅಡಿಕೆಯ ಒಗರು, ಅಂದರೆ ಟ್ಯಾನಿನ್, ಕಬ್ಬಿಣಕ್ಕೆ ಅಂಟಿಕೊಂಡದ್ದು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕ. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್, ಆಸ್ಪತ್ರೆಯ ಕೆಂಪು ಮಾತ್ರೆಯಲ್ಲಿರುವ ಲವಣವೂ ಸಾಮಾನ್ಯವಾಗಿ ಅದೇ. (ಹಾಗಂತ ಗ್ರಂಥಿಗೆ ಅಂಗಡಿಯ ಅನ್ನಭೇದಿಯನ್ನು ಯಾರೂ ಬಾಯಿಗೆ ಹಾಕಬಾರದು. ಅದರ ಶುದ್ಧತೆಯಾಗಲಿ ಪ್ರಮಾಣವಾಗಲಿ ಯಾರಿಗೂ ಗೊತ್ತಿರುವುದಿಲ್ಲ.) ಕಾಫಿ, ಚಹಾದಲ್ಲಿರುವ ಒಗರಿನ ಅಂಶವೂ ಹೊಟ್ಟೆಯೊಳಗೆ ಇದನ್ನೇ ಮಾಡುತ್ತೆ. ಹಾಗೆ ಅಂಟಿಕೊಂಡ ಕಬ್ಬಿಣವನ್ನು ಕರುಳು ಹೀರುವುದಿಲ್ಲ. ಊಟದ ಜೊತೆ ಒಂದು ಲೋಟ ಕಾಫಿ ಕುಡಿಸಿ ಅಳೆದಾಗ ಕಬ್ಬಿಣದ ಹೀರಿಕೆ ಸುಮಾರು ಶೇ. 40 ಇಳಿದಿದೆ, ಚಹಾಕ್ಕೆ ಶೇ. 60 ದಾಟಿದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ನಷ್ಟವಾಗಿಲ್ಲ. ಒಂದು ಗಂಟೆ ನಂತರ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ಕೆಡಿಸಿದೆ. ಹಾಗಾಗಿ ಮಾತ್ರೆ ಆದ ಮೇಲಿನ ಕಾಫಿಯನ್ನು ಹೆಚ್ಚು ಬಿಗಿಯಾಗಿ ತಡೆಯಬೇಕು, ಎರಡು ಗಂಟೆ ಇರಲಿ.

ಕವಳ ಎರಡು ಕಡೆಯಿಂದ ಕೆಡಿಸುತ್ತೆ. ಅಡಿಕೆಯಲ್ಲಿ ಟ್ಯಾನಿನ್, ಸುಣ್ಣದಲ್ಲಿ ಕ್ಯಾಲ್ಸಿಯಂ. ಹಾಲು, ಮಜ್ಜಿಗೆ, ತಂಬುಳಿ, ಹಾಲು ಹಾಕಿದ ಕಷಾಯ, ರಾಗಿ ಅಂಬಲಿ ಎಲ್ಲ ಒಳ್ಳೆಯ ಆಹಾರವೇ. ಆದರೆ ಮಾತ್ರೆಯ ಆಚೀಚೆ ಎರಡು ಗಂಟೆ ಬೇಡ.

ಥೈರಾಯ್ಡ್ ಮಾತ್ರೆಗೂ ಐರನ್‌ಗೂ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಇಲ್ಲಿ ಕೆಡುವುದು ಥೈರಾಯ್ಡ್ ಮಾತ್ರೆ. ಐರನ್ ಶುರು ಮಾಡಿದ ಮೇಲೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ) ಏರಿದರೆ, ಥೈರಾಯ್ಡ್ ಪ್ರಮಾಣ ಹೆಚ್ಚಿಸುವ ಮೊದಲು ಈ ಅಂತರ ಕೇಳಿ ನೋಡಬೇಕು. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಜೊತೆ ಅದೇ ನಾಲ್ಕು ಗಂಟೆ.

ಪ್ಯಾಂಟೊಪ್ರಜೋಲ್ ಕಥೆ ಬೇರೆ. ಕಬ್ಬಿಣ ಕರಗಲು ಹೊಟ್ಟೆಯ ಹುಳಿ ಬೇಕು. ಈ ಮಾತ್ರೆ ಆ ಹುಳಿಯನ್ನೇ ದಿನವಿಡೀ ತಗ್ಗಿಸುತ್ತೆ, ಹಾಗಾಗಿ ಎಷ್ಟು ಗಂಟೆ ಅಂತರ ಬಿಟ್ಟರೂ ಪೂರ್ತಿ ಪ್ರಯೋಜನವಿಲ್ಲ. ಬಹಳ ಮನೆಗಳಲ್ಲಿ ಒಮ್ಮೆ ಹದಿನೈದು ದಿನಕ್ಕೆ ಬರೆದದ್ದು ವರ್ಷಗಟ್ಟಲೆ ಮುಂದುವರಿದಿರುತ್ತೆ. ಅಮ್ಮನಿಗೆ ಈಗಲೂ ಬೇಕೇ ಅಂತ ಬರೆದ ಡಾಕ್ಟರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ. ಕೀಲುನೋವಿನ ಮಾತ್ರೆಯನ್ನೋ ಆಸ್ಪಿರಿನ್ನೋ ಜೊತೆಗೆ ನಡೆಯುತ್ತಿದ್ದರೆ, ಹೊಟ್ಟೆ ಕಾಯಲಿಕ್ಕೆ ಅಂತಲೇ ಕೊಟ್ಟಿರಬಹುದು.

ಹಾಗಾದರೆ ಹೊತ್ತು ಯಾವುದು? ಬೆಳಿಗ್ಗೆ 5.30ಕ್ಕೆ ಥೈರಾಯ್ಡ್ ಮಾತ್ರೆ, 6.30ಕ್ಕೆ ಕಾಫಿ, 8.30ಕ್ಕೆ ತಿಂಡಿ, ಜೊತೆಗೇ ಎರಡನೇ ಕಾಫಿ. ಹನ್ನೊಂದಕ್ಕೆ ಐರನ್. ಊಟ 1.15ಕ್ಕೆ. ಈ ಹನ್ನೊಂದರ ಹೊತ್ತು ನಮ್ಮ ಕಡೆ ತೋಟದ ಆಳುಗಳಿಗೆ ಕಾಫಿ ಕಾಯಿಸುವ ಹೊತ್ತು, ಅಮ್ಮಂದಿರು ಅವರ ಜೊತೆ ಅರ್ಧ ಲೋಟ ಕುಡಿದುಬಿಡುತ್ತಾರೆ. ಅಲ್ಲೇ ಮಾತ್ರೆ ಕೆಡುವುದು. ಆ ಹೊತ್ತಿಗೆ ಅಮ್ಮನಿಗೆ ನಿಂಬೆ ಪಾನಕ ಇಡಿ. ನಿಂಬೆ, ಕಂಚಿ, ಪೇರಲೆ ಯಾವುದಾದರೂ ಸರಿ. ಸಿ ವಿಟಮಿನ್ ಮಾತ್ರೆ ಪ್ರತ್ಯೇಕ ಕೊಳ್ಳುವ ಅಗತ್ಯವಿಲ್ಲ. ಐರನ್ ಮಾತ್ರೆ ಸರಿಯಾದ ಹೊತ್ತಿಗೆ ಹೋದರೆ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ.

ನುಂಗುವ ಕ್ರಮವೂ ಮುಖ್ಯ. ಪೂರ್ತಿ ಲೋಟ ನೀರು, ಕೂತು ಅಥವಾ ನಿಂತು, ಜಗಿಯದೆ. ನುಂಗಿ ಅರ್ಧ ಗಂಟೆ ಮಲಗಬಾರದು. ಗುಟುಕು ನೀರಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಕೂತು ಸುಡುತ್ತೆ, ಅದನ್ನು ಜನ ಗ್ಯಾಸ್ಟ್ರಿಕ್ ಅಂದುಕೊಳ್ಳುತ್ತಾರೆ.

ಇನ್ನೊಂದು: ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಲವಣದ ತೂಕ ಬೇರೆ, ಅದರೊಳಗಿನ ಕಬ್ಬಿಣದ ತೂಕ ಬೇರೆ. ಒಣ ಫೆರಸ್ ಸಲ್ಫೇಟ್ 200 ಮಿ.ಗ್ರಾಂ.ನಲ್ಲಿ ಕಬ್ಬಿಣ ಸುಮಾರು 65. ಫೆರಸ್ ಫ್ಯೂಮರೇಟ್ 200ರಲ್ಲೂ ಸುಮಾರು 65. ಫೆರಸ್ ಗ್ಲುಕೊನೇಟ್ 300ರಲ್ಲಿ 35 ಮಾತ್ರ. ‘300 ಇದೆ, ಇದೇ ಜೋರು’ ಅಂತ ಲೆಕ್ಕ ಹಾಕಬೇಡಿ. ‘ಎಲಿಮೆಂಟಲ್ ಐರನ್’ ಅಂತ ಬರೆದ ಅಂಕಿಯನ್ನೇ ನೋಡಿ. ಮತ್ತೆ, ಆಸ್ಪತ್ರೆಯ ಕೆಂಪು ಮಾತ್ರೆ, ಅಂಗಡಿಯ ಮಾತ್ರೆ, ಮೇಲಿಂದ ಒಂದು ರಕ್ತದ ಟಾನಿಕ್ ಮೂರನ್ನೂ ಒಟ್ಟಿಗೆ ತಗೊಳ್ಳುವ ಮನೆಗಳಿವೆ. ಡಾಕ್ಟರು ಲೆಕ್ಕ ಹಾಕಿ ಹೇಳದ ಹೊರತು ಒಂದೇ ಸಾಕು.


ಕುಶಾವತಿ (ಶುಶ್ರೂಷಕಿ, ತೀರ್ಥಹಳ್ಳಿ ತಾಲೂಕು)

ಮಾತ್ರೆಚೀಟಿಯವರು ಹೇಳಿದ್ದು ಅಮ್ಮನಿಗೆ ಸರಿ. ಅತ್ತಿಗೆಯ ಬಗ್ಗೆ ನಾನು ಬರೆಯುತ್ತೇನೆ.

ಬಸುರಿಯಲ್ಲಿ ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 10ರಿಂದ 10.9 ಅಲ್ಪ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಕೆಂಪು ಮಾತ್ರೆ ಒಂದರಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ, ರಕ್ತ ಸರಿ ಇರುವ ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಅಲ್ಪ ಅಥವಾ ಮಧ್ಯಮ ರಕ್ತಹೀನತೆ ಇದ್ದರೆ ದಿನಕ್ಕೆ ಎರಡು. ನಿಮ್ಮ ಅತ್ತಿಗೆಗೆ ಎರಡು ಕೊಟ್ಟಿರುವುದು ಅದಕ್ಕೇ. ಬಾಣಂತನದಲ್ಲಿ ‘ಉಷ್ಣ’ ಅಂತ ಮಾತ್ರೆ ನಿಲ್ಲಿಸುವುದು ನಮ್ಮ ಕಡೆಯ ದೊಡ್ಡ ತಪ್ಪು. ಹೆರಿಗೆಯಲ್ಲಿ ರಕ್ತ ಹೋಗಿರುತ್ತೆ, ಆಗಲೇ ಮಾತ್ರೆ ಬೇಕಾಗುವುದು.

ವಾಕರಿಕೆಗೆ ದಾರಿ ಇದೆ. ಖಾಲಿ ಹೊಟ್ಟೆಯಲ್ಲಿ ಹೀರಿಕೆ ಚೆನ್ನ, ನಿಜ. ಆದರೆ ಖಾಲಿ ಹೊಟ್ಟೆಯಲ್ಲಿ ತಗೊಂಡು ವಾಂತಿಯಾಗಿ ಹೋಗುವ ಮಾತ್ರೆಗಿಂತ, ಸ್ವಲ್ಪ ತಿಂದು ತಗೊಂಡು ಹೊಟ್ಟೆಯಲ್ಲಿ ಉಳಿಯುವ ಮಾತ್ರೆ ಮೇಲು. ಒಂದು ಬಾಳೆಹಣ್ಣೋ ಎರಡು ತುತ್ತು ಅವಲಕ್ಕಿಯೋ ತಿಂದು ತಗೊಳ್ಳಲಿ, ಹಾಲು ಮೊಸರು ಮಾತ್ರ ಬೇಡ. ಮೊದಲ ವಾರ ಒಂದೇ ಮಾತ್ರೆ, ಒಗ್ಗಿದ ಮೇಲೆ ಎರಡು, ಹೀಗೂ ಮಾಡಬಹುದು. ಆದರೆ ನಿಮ್ಮ ಆರೋಗ್ಯ ಕೇಂದ್ರದ ಸಿಸ್ಟರಿಗೆ ಹೇಳಿ ಮಾಡಿ, ತಾಯಿ ಕಾರ್ಡಿನಲ್ಲಿ ಬರೆಸಿ. ಗುಟ್ಟಾಗಿ ಬಿಟ್ಟರೆ ಮುಂದಿನ ತಿಂಗಳು ಎಚ್‌ಬಿ ಏರದಾಗ ‘ಮಾತ್ರೆ ಕೆಲಸ ಮಾಡಲಿಲ್ಲ’ ಅಂತ ತಪ್ಪು ತೀರ್ಮಾನವಾಗುತ್ತೆ. ಒಂದು ಹೊತ್ತು ಮರೆತರೆ ಮರುದಿನ ಜೋಡಿ ನುಂಗುವುದು ಬೇಡ.

ಕ್ಯಾಲ್ಸಿಯಂ ಎರಡನ್ನೂ ಊಟದ ಜೊತೆ ಇಡಿ, ಮಧ್ಯಾಹ್ನ ಒಂದು ರಾತ್ರಿ ಒಂದು. ಐರನ್ ಹನ್ನೊಂದಕ್ಕೆ ಒಂದು, ಸಂಜೆ ಆರಕ್ಕೆ ಒಂದು. ಸಂಜೆಯ ಕಾಫಿ ನಾಲ್ಕರೊಳಗೆ ಮುಗಿದಿರಬೇಕು.

ಮಲಬದ್ಧತೆಗೆ ನೀರು, ಬಾಳೆದಿಂಡಿನ ಪಲ್ಯ, ಬಸಳೆ, ಹಣ್ಣು. ಸಾಲದಿದ್ದರೆ ಇಸಬ್ಗೋಲ್ ಆಗುತ್ತೆ, ಅದೂ ಐರನ್‌ನಿಂದ ಎರಡು ಗಂಟೆ ದೂರ. ಭೇದಿ ಮಾತ್ರೆಯನ್ನು ಬಸುರಿಗೆ ಕೇಳದೆ ಕೊಡಬೇಡಿ.

ಕಪ್ಪು ಮಲ: ಹೀರದೆ ಉಳಿದ ಕಬ್ಬಿಣದ ಬಣ್ಣ ಅದು. ಕಡು ಹಸಿರು ಮಿಶ್ರಿತ ಕಪ್ಪು, ಗಟ್ಟಿ, ಇದಕ್ಕೆ ಹೆದರಬೇಕಿಲ್ಲ. ಟಾರಿನ ಹಾಗೆ ಹೊಳೆಯುವ, ಅಂಟುವ, ಕೆಟ್ಟ ನಾತದ ಕಪ್ಪು ಮಲ, ಜೊತೆಗೆ ತಲೆಸುತ್ತು ಅಥವಾ ಹೊಟ್ಟೆನೋವು ಇದ್ದರೆ ಅದು ಒಳಗೆ ರಕ್ತ ಹೋಗುತ್ತಿರುವ ಗುರುತು. ಮಲೆನಾಡಿನವರಿಗೆ ಒಂದು ಹೆಚ್ಚಿನ ಎಚ್ಚರಿಕೆ ಇದೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಆ ಕಾಯಿಲೆಯಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಜ್ವರ ಇದ್ದು, ಮೈಕೈ ನೋವಿದ್ದು, ಮಲ ಕಪ್ಪಾದರೆ ‘ಐರನ್ ಮಾತ್ರೆಯ ಬಣ್ಣ’ ಅಂತ ಮನೆಯಲ್ಲಿ ಕೂರಬೇಡಿ. ಐರನ್ ತಗೊಳ್ಳುತ್ತಿರುವುದನ್ನು ಡಾಕ್ಟರಿಗೆ ತಿಳಿಸಿ, ನಿರ್ಧಾರ ಅವರು ಮಾಡಲಿ. ಯಾವುದೇ ಜೋರು ಜ್ವರ, ಭೇದಿ ಇದ್ದಾಗಲೂ ಐರನ್ ಮಾತ್ರೆ ನಿಲ್ಲಿಸಿ, ಗುಣವಾದ ಮೇಲೆ ಮುಂದುವರಿಸಿ.


ಸೂಕ್ಷ್ಮದರ್ಶಕ (ಪ್ರಯೋಗಾಲಯ, ಸಾಗರ)

‘ಯಾಕೆ ಏರುತ್ತಿಲ್ಲ’ ಅನ್ನುವುದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ಅಮ್ಮನ ಮೈಯಲ್ಲಿ ಎಷ್ಟು ಕಬ್ಬಿಣ ಕಡಿಮೆ ಇದೆ ಅಂತ ಅಂದಾಜಿಸುವ ಸೂತ್ರ: ದೇಹದ ತೂಕ × (ಬೇಕಾದ ಎಚ್‌ಬಿ − ಈಗಿನ ಎಚ್‌ಬಿ) × 2.4, ಅದಕ್ಕೆ ದಾಸ್ತಾನಿಗೆ ಅಂತ 500 ಕೂಡಿಸಬೇಕು. ಗುರಿ 13 ಇಟ್ಟುಕೊಂಡರೆ 50 × 4.6 × 2.4 = 552. 500 ಸೇರಿಸಿದರೆ 1,050 ಮಿ.ಗ್ರಾಂ. ಹತ್ತಿರ. 100 ಮಿ.ಗ್ರಾಂ. ಮಾತ್ರೆಯಿಂದ ದಿನಕ್ಕೆ 10 ಮಿ.ಗ್ರಾಂ. ರಕ್ತಕ್ಕೆ ಸೇರಿತು ಅಂದುಕೊಳ್ಳಿ, ನೂರು ದಿನ ಬೇಕು. ಡಾಕ್ಟರು ಮೂರು ತಿಂಗಳು ಅನ್ನುವುದು ಇದರಿಂದಲೇ. ಇದರ ನಡುವೆ ಪ್ರತಿ ತಿಂಗಳು ಹೋಗುವುದನ್ನೂ ಕಳೆಯಬೇಕು. ಒಂದು ಮುಟ್ಟಿನಲ್ಲಿ 80 ಮಿ.ಲೀ.ಗಿಂತ ಹೆಚ್ಚು ಹೋದರೆ ಅತಿಸ್ರಾವ ಅನ್ನುತ್ತಾರೆ. ಅಷ್ಟು ರಕ್ತದಲ್ಲಿ ಸುಮಾರು 25ರಿಂದ 30 ಮಿ.ಗ್ರಾಂ. ಕಬ್ಬಿಣ ಹೋಗಿರುತ್ತೆ. ಎಂಟು ದಿನದ ಮುಟ್ಟಾದರೆ ಇನ್ನೂ ಹೆಚ್ಚೇ ಇರಬಹುದು. ಒರತೆ ಕಡಿಮೆ, ಸೋರಿಕೆ ಜಾಸ್ತಿ ಆದರೆ ಬಾವಿ ತುಂಬುವುದಿಲ್ಲ. ಸ್ತ್ರೀರೋಗ ತಜ್ಞರಿಗೆ ತೋರಿಸಿ ಗರ್ಭಕೋಶದಲ್ಲಿ ಗಡ್ಡೆ ಇದೆಯಾ ಅಂತ ನೋಡುವುದು ಮಾತ್ರೆಯಷ್ಟೇ ಅಗತ್ಯ.

ಬೀಟ್‌ರೂಟಿನ ಕೆಂಪು ನೋಡಿ ಮೋಸ ಹೋಗಬೇಡಿ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿ.ಗ್ರಾಂ.ಗಿಂತ ಕಡಿಮೆ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಬೆಲ್ಲದ್ದು ಒಂದೊಂದು ಆಲೆಮನೆಗೆ ಒಂದೊಂದು ಥರ. ತಿನ್ನಲಿ, ಆದರೆ 8.4 ಇರುವವರ ಸಾವಿರ ಮಿ.ಗ್ರಾಂ. ಕೊರತೆ ಇವುಗಳಿಂದ ತುಂಬುವುದಿಲ್ಲ.

ಮಾತ್ರೆ ಹಿಡಿದರೆ ರಿಪೋರ್ಟಿನಲ್ಲಿ ಕ್ರಮವಾಗಿ ಕಾಣುತ್ತೆ. ಏಳರಿಂದ ಹತ್ತು ದಿನಕ್ಕೆ ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪು ಕಣ) ಏರುತ್ತೆ, ನಾಲ್ಕು ವಾರಕ್ಕೆ ಎಚ್‌ಬಿ 2 ಗ್ರಾಂ ಹತ್ತಿರ ಏರಬೇಕು. ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. 8.4ರಿಂದ 8.7 ಅನ್ನುವುದು ಏರಿಕೆಯೇ ಅಲ್ಲ, ಅಷ್ಟು ವ್ಯತ್ಯಾಸ ಅಳತೆಯಲ್ಲೇ ಬರುತ್ತೆ. ಬೆರಳು ಚುಚ್ಚಿ ನೋಡಿದ್ದಕ್ಕೂ ತೋಳಿನ ರಕ್ತನಾಳದಿಂದ ತೆಗೆದದ್ದಕ್ಕೂ ಹೋಲಿಸಬೇಡಿ. ಪ್ರತಿ ಸಲ ಒಂದೇ ಲ್ಯಾಬು, ಒಂದೇ ಕ್ರಮ ಇರಲಿ.

ಹೊತ್ತು ಸರಿ ಮಾಡಿದ ಮೇಲೂ ಏರದಿದ್ದರೆ ನೋಡಬೇಕಾದದ್ದು ಮೂರು. ಒಂದು, ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ). 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದು, ಸಂಶಯವಿಲ್ಲ. ಜ್ವರ, ಸೋಂಕು ಇದ್ದಾಗ ಇದು ಸುಳ್ಳಾಗಿ ಮೇಲೇರುತ್ತೆ, ಹಾಗಾಗಿ ಜ್ವರ ಬಿಟ್ಟು ಎರಡು ಮೂರು ವಾರ ಕಳೆದ ಮೇಲೆ ಮಾಡಿಸಿ. ಸೀರಂ ಐರನ್ ಪರೀಕ್ಷೆ ಬರೆದಿದ್ದರೆ ಹಿಂದಿನ 24 ಗಂಟೆ ಮಾತ್ರೆ ತಗೋಬಾರದು. ಎರಡು, ಬಿ12. ಹಾಲು ಮೊಸರೂ ಕಡಿಮೆ ಇರುವ ಸಸ್ಯಾಹಾರಿಗಳಲ್ಲಿ ಎರಡೂ ಕೊರತೆ ಒಟ್ಟಿಗೆ ಇರಬಹುದು. ಕಬ್ಬಿಣ ಮಾತ್ರ ಕೊಟ್ಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತೆ. ಮೂರು, ಥಲಸ್ಸೀಮಿಯಾ ಮೈನರ್, ಅಂದರೆ ಹುಟ್ಟಿನಿಂದಲೇ ಕೆಂಪು ಕಣ ಸಣ್ಣದಾಗಿರುವ ಲಕ್ಷಣ. ರಿಪೋರ್ಟಿನಲ್ಲಿ ಎಂಸಿವಿಯನ್ನು ಆರ್‌ಬಿಸಿ (ಕೆಂಪು ರಕ್ತಕಣ) ಎಣಿಕೆಯಿಂದ ಭಾಗಿಸಿ. 68ನ್ನು 4ರಿಂದ ಭಾಗಿಸಿದರೆ 17, ಕಬ್ಬಿಣದ ಕೊರತೆಯ ಕಡೆ. ಆರ್‌ಬಿಸಿ 5.4 ಇದ್ದರೆ 12.6. 13ಕ್ಕಿಂತ ಕಡಿಮೆ ಬಂದರೆ, ಹಿಮೋಗ್ಲೋಬಿನ್ ಯಾವ ಬಗೆಯದು ಅಂತ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಇದು ಅಂದಾಜು ಮಾತ್ರ, ತೀರ್ಪಲ್ಲ. ಆದರೆ ಥಲಸ್ಸೀಮಿಯಾ ಮೈನರ್ ಇದ್ದು ಫೆರಿಟಿನ್ ಸರಿ ಇದ್ದವರಿಗೆ ವರ್ಷಗಟ್ಟಲೆ ಐರನ್ ಕೊಡುವುದು ತಪ್ಪು, ಮೈಯಲ್ಲಿ ಸುಮ್ಮನೆ ತುಂಬಿಕೊಳ್ಳುತ್ತೆ.

ಕೊಕ್ಕೆಹುಳುವನ್ನೂ ಮರೆಯಬೇಡಿ. ತೋಟದ ಒದ್ದೆ ಮಣ್ಣು, ನೆರಳು, ಬರಿಗಾಲು ಅದಕ್ಕೆ ಹೇಳಿಮಾಡಿಸಿದ ಜಾಗ. ಮರಿ ಪಾದದ ಚರ್ಮ ಕೊರೆದು ಒಳ ಹೋಗುತ್ತೆ, ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತೆ. ಅಲ್ಬೆಂಡಜೋಲ್ 400 ಮಿ.ಗ್ರಾಂ. ಒಂದು ಮಾತ್ರೆ ಸಾಮಾನ್ಯ ಚಿಕಿತ್ಸೆ. ಬಸುರಿಯರಿಗೆ ಮೊದಲ ಮೂರು ತಿಂಗಳು ಕೊಡುವುದಿಲ್ಲ, ಅತ್ತಿಗೆಗೆ ಕೊಟ್ಟಾಗಿದೆಯಾ ಅಂತ ಕೇಳಿ. ಮನೆಯ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆ ಬಂದರೆ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ಮೂಲವ್ಯಾಧಿ, ಹೊಟ್ಟೆಹುಣ್ಣು, ಕರುಳಿನ ಗಡ್ಡೆ, ಎಲ್ಲಿಂದ ರಕ್ತ ಹೋಗುತ್ತಿದೆ ಅಂತ ಹುಡುಕಲೇಬೇಕು.


ಮಾಲತಿಹೊಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ರಿಪೋರ್ಟಲ್ಲಿ ಆರ್‌ಬಿಸಿ 3.9 ಇದೆ, ಭಾಗಿಸಿದ್ರೆ 17 ಮೇಲೆ ಬಂತು. ಫೆರಿಟಿನ್ ಮಾಡಿಸಿಲ್ಲ. ಇನ್ನೆರಡು ಕೇಳ್ತೀನಿ. ದಿನ ಬಿಟ್ಟು ದಿನ ತಗೊಂಡ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತೆ ಅಂತಾರಲ್ಲ, ನಿಜವಾ? ಇಬ್ಬರಿಗೂ ಇಂಜೆಕ್ಷನ್ ಹಾಕಿಸಿದ್ರೆ ಬೇಗ ಆಗಲ್ವಾ? ಮತ್ತೆ ಅಣ್ಣನಿಗೆ ಇಲಿಜ್ವರ ಅಂತ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ, ಅವನೂ ಅಮ್ಮನ ಐರನ್ ಮಾತ್ರೆ ನುಂಗ್ತಿದ್ದಾನೆ, ಸುಸ್ತಿಗೆ ಒಳ್ಳೇದು ಅಂತ.


ಮಾತ್ರೆಚೀಟಿ

ಅಣ್ಣನದು ಇವತ್ತೇ ನಿಲ್ಲಿಸಿ. ಡಾಕ್ಸಿಸೈಕ್ಲಿನ್ ಕಬ್ಬಿಣಕ್ಕೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತೆ. ಬೇರೆ ಔಷಧಿಗಳಿಗೆ ಹೇಳುವಂತೆ ಎರಡು ಗಂಟೆ ಅಂತರವೂ ಇಲ್ಲಿ ಸಾಲುವುದಿಲ್ಲ, ಯಾಕೆಂದರೆ ರಕ್ತಕ್ಕೆ ಸೇರಿದ ಈ ಔಷಧಿ ಪಿತ್ತರಸದ ಮೂಲಕ ಮತ್ತೆ ಕರುಳಿಗೆ ಬರುತ್ತೆ, ಅಲ್ಲಿ ಕಬ್ಬಿಣ ಹಿಡಿದುಕೊಳ್ಳುತ್ತೆ. ಇಲಿಜ್ವರದಲ್ಲಿ ಔಷಧಿ ಪೂರ್ತಿ ಹತ್ತಲೇಬೇಕು. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಿಗೂ ಐರನ್ ಆಗದು. ರಕ್ತ ಪರೀಕ್ಷೆ ಮಾಡಿಸದ ಗಂಡಸು ಸುಸ್ತಿಗೆ ಅಂತ ಐರನ್ ತಗೊಳ್ಳುವುದು ಹೇಗೂ ಸರಿಯಲ್ಲ.

ದಿನ ಬಿಟ್ಟು ದಿನ ಅನ್ನುವುದರಲ್ಲಿ ಹುರುಳಿದೆ. ಒಂದು ಮಾತ್ರೆ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನು ಬಿಡುತ್ತೆ. ಅದು ಸುಮಾರು 24 ಗಂಟೆ ಕರುಳಿನ ಬಾಗಿಲು ಅರ್ಧ ಮುಚ್ಚಿದ ಹಾಗೆ. ಆ ಹೊತ್ತಲ್ಲಿ ಹೋದ ಎರಡನೇ ಮಾತ್ರೆಯಿಂದ ಸಿಗುವ ಪಾಲು ಕಡಿಮೆ. 48 ಗಂಟೆಗೊಮ್ಮೆ ಕೊಟ್ಟಾಗ ಒಂದೊಂದು ಮಾತ್ರೆಯಿಂದ ಹೆಚ್ಚು ಪಾಲು ರಕ್ತಕ್ಕೆ ಸೇರುತ್ತೆ, ಹೊಟ್ಟೆ ಉರಿಯೂ ಕಡಿಮೆ. ಆದರೆ ಮಾತ್ರೆಗಳ ಸಂಖ್ಯೆ ಅರ್ಧ ಆಗುತ್ತೆ ಅನ್ನುವುದನ್ನೂ ನೆನಪಿಡಿ. ಅಮ್ಮ ಮೊದಲು ದಿನಾ ಸರಿಯಾದ ಹೊತ್ತಿಗೆ ನಾಲ್ಕು ವಾರ ತಗೊಳ್ಳಲಿ. ಹೊಟ್ಟೆ ತಡೆಯದಿದ್ದರೆ ದಿನ ಬಿಟ್ಟು ದಿನದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅತ್ತಿಗೆಗೆ ಮಾತ್ರ ಇದನ್ನು ನೀವಾಗಿ ಅನ್ವಯಿಸಬೇಡಿ, ಹೆರಿಗೆಗೆ ಉಳಿದಿರುವ ದಿನ ಎಣಿಕೆಯವು. ಎಚ್‌ಬಿ 12 ದಾಟಿದ ಮೇಲೂ ಅಮ್ಮ ಮೂರು ತಿಂಗಳು ಮುಂದುವರಿಸಬೇಕಾಗಬಹುದು, ದಾಸ್ತಾನು ತುಂಬುವುದು ಆಗಲೇ.


ಕುಶಾವತಿ

ಇಂಜೆಕ್ಷನ್ ಬಗ್ಗೆ. ಈಗ ಕೊಡುವುದು ರಕ್ತನಾಳಕ್ಕೆ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿ.ಗ್ರಾಂ. ಸಲೈನಿನಲ್ಲಿ ಬೆರೆಸಿ, ದಿನ ಬಿಟ್ಟು ದಿನ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಮ್ಮೆಗೇ 1,000 ಮಿ.ಗ್ರಾಂ. ವರೆಗೆ, ಸುಮಾರು 15 ನಿಮಿಷದಲ್ಲಿ. ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ಬಿಪಿ, ಉಸಿರು, ಮೈ ತುರಿಕೆ ನೋಡಬೇಕು. ಅಲರ್ಜಿ ಅಪರೂಪ, ಆದರೆ ಬಂದರೆ ನಿಭಾಯಿಸಲು ಔಷಧಿ, ಆಮ್ಲಜನಕ ಕೈಯಳತೆಯಲ್ಲಿರಬೇಕು. ಮನೆಗೆ ಬಂದು ಹಾಕುತ್ತೇನೆ ಅನ್ನುವವರಿಂದ ಹಾಕಿಸಬೇಡಿ. ಹಾಕುವಾಗ ಉರಿ, ಊತ ಬಂದರೆ ತಕ್ಷಣ ಹೇಳಿ. ಔಷಧಿ ನಾಳದಿಂದ ಹೊರ ಸೋರಿದರೆ ಚರ್ಮದ ಮೇಲೆ ಕಂದು ಕಲೆ ವರ್ಷಗಟ್ಟಲೆ ಉಳಿಯುತ್ತೆ.

ಬಸುರಿಯಲ್ಲಿ ಮೊದಲ ಮೂರು ತಿಂಗಳು ಕೊಡುವುದಿಲ್ಲ. ಅತ್ತಿಗೆಗೆ ಐದು ತಿಂಗಳು, 9.2. ಮಾತ್ರೆ ಸರಿಯಾಗಿ ತಗೊಂಡರೆ ಸಮಯ ಸಾಕು. ಒಂದು ತಿಂಗಳಿಗೆ 1 ಗ್ರಾಂ ಏರದಿದ್ದರೆ, ಅಥವಾ ಮಾತ್ರೆ ಹೇಗೂ ಒಗ್ಗದಿದ್ದರೆ ಇಂಜೆಕ್ಷನ್ ಯೋಚಿಸುತ್ತಾರೆ. 7ಕ್ಕಿಂತ ಕೆಳಗಿದ್ದರೆ ಮಾತ್ರೆಯಲ್ಲಿ ಕಾಯುವ ಮಾತೇ ಇಲ್ಲ, 5ಕ್ಕಿಂತ ಕೆಳಗಾದರೆ ದಾಖಲಿಸಿ ರಕ್ತ ಕೊಡಬೇಕಾಗುತ್ತೆ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತೆ, ಆ ದಿನ ಎಚ್‌ಬಿ ಮತ್ತೆ ನೋಡಿಸಿ.


ನಗರ ಹೋಬಳಿ (ಅಂಗನವಾಡಿ, ಹೊಸನಗರ)

ಮಗುವಿನ ಮಾತಿಗೆ ಯಾರೂ ಬರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಇದೇ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಕೆಂಪು ಮಾತ್ರೆಗೆ ಸಕ್ಕರೆಯ ಹೊದಿಕೆ ಇದೆ, ಮಗುವಿಗೆ ಅದು ಪೆಪ್ಪರ್‌ಮಿಂಟು. ಮಗುವಿನ ತೂಕದ ಪ್ರತಿ ಕೆ.ಜಿ.ಗೆ 20 ಮಿ.ಗ್ರಾಂ. ಕಬ್ಬಿಣ ದಾಟಿದರೆ ವಿಷ ಶುರು, 60 ದಾಟಿದರೆ ಜೀವಕ್ಕೇ ಅಪಾಯ. ಎರಡು ವರ್ಷದ ಮಗು 12 ಕೆ.ಜಿ. ಅಂದುಕೊಳ್ಳಿ. ಕೆಂಪು ಮಾತ್ರೆ ನಾಲ್ಕು ತಿಂದರೆ 240 ಮಿ.ಗ್ರಾಂ., ಅಲ್ಲಿಗೆ 20 ಮುಟ್ಟಿತು. ಅಮ್ಮನ 100 ಮಿ.ಗ್ರಾಂ. ಮಾತ್ರೆಯಾದರೆ ಮೂರೇ ಸಾಕು, ಎಂಟು ತಿಂದರೆ ಜೀವಾಪಾಯದ ಗೆರೆ ದಾಟಿತು. ಒಂದು ಪಟ್ಟಿಯಲ್ಲಿ ಹತ್ತಿರುತ್ತೆ.

ತಿಂದಿದೆ ಅಂತ ಸಂಶಯ ಬಂದರೂ ಸಾಕು, 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಇದ್ದಿಲು ಕುಡಿಸಿದರೆ ವಿಷ ಹೀರುತ್ತೆ ಅನ್ನುವುದು ಕಬ್ಬಿಣದ ವಿಷಯದಲ್ಲಿ ನಡೆಯುವುದಿಲ್ಲ, ಇದ್ದಿಲಿಗೆ ಕಬ್ಬಿಣ ಅಂಟುವುದೇ ಇಲ್ಲ. ಪಟ್ಟಿಯನ್ನು ಕೈಯಲ್ಲೇ ತಗೊಂಡು ಹೋಗಿ, ಎಷ್ಟು ಖಾಲಿ ಇವೆ ಅಂತ ಡಾಕ್ಟರು ಎಣಿಸುತ್ತಾರೆ. ಮೊದಲ ಆರು ಗಂಟೆ ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಮಗು ಸುಧಾರಿಸಿದ ಹಾಗೆ ಕಾಣಬಹುದು. ಇಲ್ಲೇ ಜನ ಮೋಸ ಹೋಗುವುದು. ವಾಂತಿ ನಿಂತಿತು ಅಂತ ಅರ್ಧ ದಾರಿಯಿಂದ ವಾಪಸು ಬಂದರೆ, ಒಂದು ದಿನದೊಳಗೆ ರಕ್ತದೊತ್ತಡ ಕುಸಿಯಬಹುದು, ಆಮೇಲೆ ಯಕೃತ್ತೂ ಹೋಗಬಹುದು. ಇದಕ್ಕೆ ಪ್ರತ್ಯೌಷಧ ಇದೆ, ಡೆಫೆರಾಕ್ಸಮಿನ್ ಅಂತ, ಆಸ್ಪತ್ರೆಯಲ್ಲೇ ಕೊಡಬೇಕು. ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಡ್ರಿಪ್ ಶುರುವಾಗಲಿ, ಅಲ್ಲಿಂದ ಅವರೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಬಹುದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಮಳೆಗಾಲದ ರಸ್ತೆಯಲ್ಲಿ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಕಾಯಬೇಡಿ.

ಇಡುವ ಜಾಗ: ಚಿಲಕವಿರುವ ಕಪಾಟಿನ ಮೇಲಿನ ಅರೆ. ದೇವರ ಗೂಡು, ಕಿಟಕಿ ಕಟ್ಟೆ, ಫ್ರಿಜ್ಜಿನ ತಲೆ, ಬಸುರಿಯ ದಿಂಬಿನ ಪಕ್ಕ ಬೇಡ. ಒಲೆಯ ಮೇಲಿನ ಅಟ್ಟವೂ ಬೇಡ, ಹಬೆ ಹೊಡೆಯುತ್ತೆ. ನಮ್ಮ ಮಳೆಗಾಲದ ಥಂಡಿಗೆ ಪಟ್ಟಿಯಿಂದ ಬಿಡಿಸಿ ಕಾಗದದಲ್ಲಿ ಕಟ್ಟಿಟ್ಟ ಮಾತ್ರೆಯ ಹೊದಿಕೆ ಅಂಟಂಟಾಗಿ ಒಡೆಯುತ್ತೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಂದಾಗುತ್ತೆ. ಅಂಥದ್ದು ಹೀರುವುದೂ ಕಡಿಮೆ. ನುಂಗುವ ಹೊತ್ತಿಗೇ ಬಿಡಿಸಿ. ಮಗುವಿನೆದುರು ನುಂಗಬೇಡಿ, ಅದಕ್ಕೆ ‘ಮಿಠಾಯಿ’ ಅಂತ ಯಾವತ್ತೂ ಹೇಳಬೇಡಿ.

ಮಗುವಿಗೆ ನಾವು ಕೊಡುವ ಐರನ್ ಸಿರಪ್ ವಾರಕ್ಕೆರಡು ಸಲ, 1 ಮಿ.ಲೀ., ಅದರಲ್ಲಿ 20 ಮಿ.ಗ್ರಾಂ. ಕಬ್ಬಿಣ. ಅಂಗಡಿಯ ಸಿರಪ್ಪಿನ ಅಳತೆ ಬೇರೆ ಬೇರೆ ಇರುತ್ತೆ, ಒಂದರ ಮುಚ್ಚಳ ಇನ್ನೊಂದಕ್ಕೆ ಬಳಸಬೇಡಿ. ನಾಲಿಗೆಯ ಹಿಂದಕ್ಕೆ ಬಿಟ್ಟು ನೀರು ಕುಡಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಶಾಲೆಯ ದೊಡ್ಡ ಮಕ್ಕಳಿಗೆ ಕೊಡುವ ನೀಲಿ ಮಾತ್ರೆ ಕೂಡ 60 ಮಿ.ಗ್ರಾಂ.ನದೇ, ವಾರಕ್ಕೊಂದು. 5ರಿಂದ 9 ವರ್ಷದವರ ಗುಲಾಬಿ ಮಾತ್ರೆ 45. ಮನೆಯಲ್ಲಿ ಇವನ್ನೂ ಒಂದೇ ಡಬ್ಬಿಗೆ ಸುರಿಯಬೇಡಿ.


ಮಾಲತಿಹೊಳೆ

ಮಾತ್ರೆಗಳನ್ನು ಕಪಾಟಿಗೆ ಹಾಕಿ ಬೀಗ ಹಾಕಿದೆ. ಅಣ್ಣನದು ನಿಲ್ಲಿಸಿದೆ. ಹಾಳೆಯಲ್ಲಿ ಬರೆದು ಅಡಿಗೆಮನೆ ಬಾಗಿಲಿಗೆ ಅಂಟಿಸ್ತಿದ್ದೀನಿ, ಒಮ್ಮೆ ನೋಡಿ ಹೇಳಿ:

ಅಮ್ಮ: 5.30 ಥೈರಾಯ್ಡ್. 6.30 ಕಾಫಿ. 8.30 ತಿಂಡಿ, ಕಾಫಿ. 11.00 ಐರನ್, ನಿಂಬೆ ಪಾನಕ. 1.15 ಊಟ, ಕವಳ. 4.00 ಕಾಫಿ. (ಪ್ಯಾಂಟೊಪ್ರಜೋಲ್ ನಿಲ್ಲಿಸಿಲ್ಲ, ಈಗಲೂ ಬೇಕಾ ಅಂತ ಡಾಕ್ಟ್ರನ್ನ ಕೇಳ್ತೀನಿ.)

ಅತ್ತಿಗೆ: 11.00 ಐರನ್. 1.15 ಊಟ, ಕ್ಯಾಲ್ಸಿಯಂ. 4.00 ಕಾಫಿ. 8.30 ಊಟ, ಕ್ಯಾಲ್ಸಿಯಂ. 9.30 ಐರನ್, ಮಲಗೋದು. (ಸಂಜೆ ಆರಕ್ಕೆ ದೀಪ ಹಚ್ಚುವ ಹೊತ್ತಲ್ಲಿ ಮರೀತಾರೆ ಅಂತ ರಾತ್ರಿಗೆ ಹಾಕಿದೆ.)


ಕುಶಾವತಿ

ಅಮ್ಮನದು ಸರಿ ಇದೆ. ಅತ್ತಿಗೆಯ 9.30ರದ್ದು ಬದಲಿಸಿ. ಕ್ಯಾಲ್ಸಿಯಂ ಆಗಿ ಒಂದೇ ಗಂಟೆ, ಹೊಟ್ಟೆ ತುಂಬಿರುತ್ತೆ, ನುಂಗಿದ ಕೂಡಲೇ ಮಲಗುತ್ತಾರೆ, ಮೂರೂ ತಪ್ಪು. ಆರಕ್ಕೇ ಇಡಿ. ದೀಪ ಹಚ್ಚುವವರೇ ಕಪಾಟಿನ ಬೀಗ ತೆಗೆದು ಒಂದು ಮಾತ್ರೆ ಬಿಡಿಸಿ ನೀರಿನ ಜೊತೆ ಅತ್ತಿಗೆಯ ಕೈಗೆ ಕೊಡಲಿ, ಮತ್ತೆ ಬೀಗ ಹಾಕಲಿ. ಹಾಳೆಯಲ್ಲಿ ಮುಂದಿನ 9ನೇ ತಾರೀಕನ್ನೂ ಬರೆಯಿರಿ.